ಪ್ಯಾಲೆಸ್ ಗ್ರೌಂಡ್ಸಿಗೆ ಬಂದುಹೋದವರು, ಊರಲ್ಲೇ ಉಳಿದವರು

ಬೆಂಗಳೂರಿನ ರಾಕ್ ಸಂಗೀತದ ಮಾತು ಎತ್ತಿದರೆ ಸಾಕು, ನನ್ನ ಓರಗೆಯವರೆಲ್ಲ ಬಂದುಹೋದವರ ಪಟ್ಟಿ ಒಪ್ಪಿಸತೊಡಗುತ್ತಾರೆ. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಪ್‌ಫ್ಲರ್, 2007ರಲ್ಲಿ ಐರನ್ ಮೇಡನ್, ಅದೇ ವರ್ಷ ಏರೋಸ್ಮಿತ್, ಮರುವರ್ಷ ಮೆಗಾಡೆತ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್, 2011ರಲ್ಲಿ ಮೆಟಾಲಿಕಾ. ಮದುವೆ ಮುಗಿದ ಮೇಲೆ ಮುಯ್ಯಿ ಪುಸ್ತಕ ತೆಗೆದು ಯಾರ್ಯಾರು ಬಂದಿದ್ದರು, ಏನೇನು ಕೊಟ್ಟರು ಅಂತ ಓದುವ ಹಾಗೆ. ನಾನೂ ಬೇಕಾದಷ್ಟು ಸಲ ಓದಿದ್ದೇನೆ. ಆದರೆ ಇತ್ತೀಚೆಗೆ ಈ ಪಟ್ಟಿ ಕೇಳಿದಾಗಲೆಲ್ಲ ಸಣ್ಣ ಕಿರಿಕಿರಿ ಶುರುವಾಗುತ್ತದೆ. ಇವರೆಲ್ಲ ನೆಂಟರು. ಒಂದು ಸಂಜೆ ಇದ್ದರು, ರಾತ್ರಿ ವಿಮಾನ ಹತ್ತಿದರು. ಮನೆಯವರ ಸುದ್ದಿ ಯಾಕೆ ಯಾರೂ ಎತ್ತುವುದಿಲ್ಲ?

'ಭಾರತದ ರಾಕ್ ರಾಜಧಾನಿ' ಅನ್ನುವ ಬಿರುದು ನಮ್ಮೂರಿಗೆ ಅಂಟಿಕೊಂಡಿದ್ದು ಈ ನೆಂಟರ ದೆಸೆಯಿಂದಲೇ. ಶಿಲ್ಲಾಂಗ್‌ನವರು ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕೋಲ್ಕತ್ತದವರಿಗೆ ಸಂಗೀತದ ಕ್ಲಬ್ಬುಗಳ ಪಾರ್ಕ್ ಸ್ಟ್ರೀಟ್ ಇತ್ತು. ಮುಂಬಯಿಯಲ್ಲಿ 1986ರಿಂದಲೇ ಇಂಡಿಪೆಂಡೆನ್ಸ್ ರಾಕ್ ಅನ್ನುವ ಹಬ್ಬ ನಡೆಯುತ್ತಿತ್ತು. ಕೊಚ್ಚಿಯಲ್ಲಿ 13 ಎಡಿ ಅನ್ನುವ ಬ್ಯಾಂಡ್ ಇತ್ತು, ಆಮೇಲೆ ಮದರ್‌ಜೇನ್ ಬಂತು. ಹಾಡು ಕಟ್ಟಿದವರ ಲೆಕ್ಕ ಹಿಡಿದರೆ ನಮ್ಮದೇನೂ ಮಹಾ ಮುಂದಿರಲಿಲ್ಲ. ಮುಂದಿದ್ದದ್ದು ಕೇಳುವುದರಲ್ಲಿ. ಬೆಂಗಳೂರು ರಾಕ್ ಕೇಳಿದ ಊರು, ಅದೂ ಹೊಟ್ಟೆಬಾಕರ ಹಾಗೆ ಕೇಳಿದ ಊರು. ಈ ಊರಿನ ರಾಕ್ ಚರಿತ್ರೆಯ ಒಳ್ಳೆಯದೂ ಕೆಟ್ಟದೂ ಎರಡೂ ಇದರಿಂದಲೇ ಹುಟ್ಟಿದವು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇದಕ್ಕೆ ಊರಿನ ನಕ್ಷೆಯೂ ಒಂದು ಕಾರಣ. ಬ್ರಿಟಿಷರು 1809ರಲ್ಲಿ ದಂಡು ಕಟ್ಟಿದ ಮೇಲೆ ಇಲ್ಲಿ ಎರಡು ಊರುಗಳಿದ್ದವು. ಆಚೆ ಕಂಟೋನ್ಮೆಂಟು, ಈಚೆ ಪೇಟೆ, ನಡುವೆ ಕಬ್ಬನ್ ಪಾರ್ಕು. ಎರಡನ್ನೂ ಒಂದೇ ನಗರಪಾಲಿಕೆಗೆ ಸೇರಿಸಿದ್ದು 1949ರಲ್ಲಿ. ಕಾಗದದ ಮೇಲೆ ಸೇರಿದವು ಅನ್ನಿ. ಪಾರ್ಕಿನ ಬ್ಯಾಂಡ್ ಸ್ಟ್ಯಾಂಡಿನಲ್ಲಿ ಪಟ್ಟಾಳದ ಬ್ಯಾಂಡು ನುಡಿಸುತ್ತಿದ್ದ ಕಾಲದಿಂದಲೂ ಪಾಶ್ಚಾತ್ಯ ವಾದ್ಯಗಳೆಲ್ಲ ಪಾರ್ಕಿನ ಆಚೆ ದಡದಲ್ಲೇ ಇದ್ದವು. ಚರ್ಚಿನ ಗಾಯನವೃಂದ, ಆಂಗ್ಲೋ ಇಂಡಿಯನ್ ಮನೆಗಳ ಪಿಯಾನೋ, ಕ್ಲಬ್ಬುಗಳ ಡ್ಯಾನ್ಸ್ ಬ್ಯಾಂಡು, ಕಾನ್ವೆಂಟಿನ ಸಂಗೀತದ ಟೀಚರು. ಈಚೆ ದಡದಲ್ಲಿ ರಾಮನವಮಿಯ ಪೆಂಡಾಲು, ಗಣೇಶನ ಆರ್ಕೆಸ್ಟ್ರಾ, ಗಾಂಧಿನಗರದ ಸಿನಿಮಾ. ಒಂದೇ ಊರಿನಲ್ಲಿದ್ದುಕೊಂಡು ಒಬ್ಬರ ಹಾಡು ಇನ್ನೊಬ್ಬರ ಕಿವಿಗೆ ಬೀಳದಷ್ಟು ದೂರ.

ಈ ಗೋಡೆಯಲ್ಲಿ ಅಲ್ಲಲ್ಲಿ ಕಿಂಡಿಗಳಿದ್ದವು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿ ಹೆಸರು ಮಾಡಿದ ಬ್ಯಾಂಡ್ ಹ್ಯೂಮನ್ ಬಾಂಡೇಜ್. ಸುರೇಶ್ ಮತ್ತು ರಮೇಶ್ ಶೋಥಮ್ ಸಹೋದರರು ಅದರಲ್ಲಿದ್ದರು. ಮುಂದೆ ಜಾಝ್ ಗಾಯಕಿಯಾಗಿ ಹೆಸರಾದ ರಾಧಾ ಥಾಮಸ್ ಹಾಡುತ್ತಿದ್ದರು. ರಮೇಶ್ ಆಮೇಲೆ ಜರ್ಮನಿಗೆ ಹೋಗಿ, ತವಿಲು, ಘಟಂ, ಮೋರ್ಸಿಂಗುಗಳನ್ನು ಯುರೋಪಿನ ಜಾಝ್ ವೇದಿಕೆಗಳಿಗೆ ಹತ್ತಿಸಿದರು. ಇಂಪೀರಿಯಲ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟಿನ ಹೆಸರಲ್ಲಿ ಸಿಮ್ಲಾ ಬೀಟ್ ಅನ್ನುವ ಸ್ಪರ್ಧೆ ನಡೆಸಿ, 1970 ಮತ್ತು 1971ರಲ್ಲಿ ದೇಶದ ನಾನಾ ಊರುಗಳ ಹುಡುಗರ ಬ್ಯಾಂಡುಗಳನ್ನು ಎಲ್‌ಪಿ ತಟ್ಟೆಗಳಲ್ಲಿ ಹೊರತಂದಿದ್ದೂ ಆ ಕಾಲದಲ್ಲೇ. ಸಿಗರೇಟು ಮಾರಲಿಕ್ಕೆ ಮಾಡಿದ ಆ ತಟ್ಟೆಗಳನ್ನು ಇವತ್ತು ವಿದೇಶದ ಸಂಗ್ರಾಹಕರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಕೋನಾರ್ಕ್ ರೆಡ್ಡಿ ಅನ್ನುವ ಹೆಸರು ಎಷ್ಟು ಕನ್ನಡಿಗರಿಗೆ ಗೊತ್ತೋ ಕಾಣೆ. ಈ ಊರಿನ ಹಿರಿಯ ಗಿಟಾರ್ ವಾದಕರಲ್ಲಿ ಒಬ್ಬರು. ಅವರ ತಂದೆ 'ಸಂಸ್ಕಾರ' ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿ, ತಾಯಿ ಅದರಲ್ಲಿ ಚಂದ್ರಿಯಾದ ಸ್ನೇಹಲತಾ ರೆಡ್ಡಿ. ತುರ್ತು ಪರಿಸ್ಥಿತಿಯಲ್ಲಿ ಸ್ನೇಹಲತಾ ಅವರನ್ನು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಆಸ್ತಮಾದಿಂದ ಜರ್ಝರಿತರಾಗಿ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಕನ್ನಡದ ನವ್ಯ ಸಿನಿಮಾ, ಸಮಾಜವಾದಿ ರಾಜಕೀಯ, ಗಿಟಾರು ಮೂರೂ ಒಂದೇ ಮನೆಯ ಹಜಾರದಲ್ಲಿ ಕೂತಿದ್ದವು. ನಮ್ಮ ಸಾಹಿತ್ಯ ಚರಿತ್ರೆಗಳು ಮೊದಲ ಎರಡನ್ನು ಪುಟಗಟ್ಟಲೆ ಬರೆದವು, ಮೂರನೆಯದನ್ನು ಬಿಟ್ಟೇಬಿಟ್ಟವು.

ನಾನು ಬೆಳೆದದ್ದು ತಿಪಟೂರಿನ ಕಡೆ. ಅಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಂದರೆ ಗಣೇಶೋತ್ಸವದ ಆರ್ಕೆಸ್ಟ್ರಾ. ಭಕ್ತಿಗೀತೆಯಿಂದ ಶುರುವಾಗಿ, ಅಣ್ಣಾವ್ರ ಹಾಡುಗಳ ಮೇಲೆ ಸಾಗಿ, ರಾತ್ರಿ ಹನ್ನೊಂದರ ಹೊತ್ತಿಗೆ ಜನ 'ಸಂತೋಷಕ್ಕೆ' ಅಂತ ಕೂಗತೊಡಗುತ್ತಿದ್ದರು. 1981ರ 'ಗೀತಾ' ಚಿತ್ರದ್ದು, ಇಳಯರಾಜಾ ಸಂಗೀತ, ಎಸ್‌ಪಿಬಿ ಕಂಠ, ತೆರೆಯ ಮೇಲೆ ಶಂಕರ್‌ನಾಗ್. ಅದುವರೆಗೆ ಹಿಂದೆ ಕುರ್ಚಿಯಲ್ಲಿ ತಣ್ಣಗೆ ಕೂತು ನುಡಿಸುತ್ತಿದ್ದ ಗಿಟಾರಿನವನು ಆ ಒಂದು ಹಾಡಿಗೆ ಎದ್ದು ಮುಂದೆ ಬರುತ್ತಿದ್ದ. ಉಳಿದ ಇಡೀ ರಾತ್ರಿ ಗಾಯಕರದ್ದು, ಆ ನಾಲ್ಕೈದು ನಿಮಿಷ ಅವನದ್ದು. ಚುನಾವಣೆ ಭಾಷಣಕ್ಕೂ ಅದೇ, ಗಣೇಶನಿಗೂ ಅದೇ ಅನ್ನುವ ಅಹುಜಾ ಹಾರ್ನುಗಳಿಂದ ಆ ಗಿಟಾರು ಹೊರಬರುವಾಗ ಅರ್ಧ ಶಬ್ದ ತಾನಾಗಿಯೇ ಒಡೆದಿರುತ್ತಿತ್ತು. ಡಿಸ್ಟಾರ್ಷನ್ ಪೆಡಲ್ ಬೇಕಿರಲಿಲ್ಲ. ಅದಕ್ಕೂ ಮೊದಲು, 1978ರಲ್ಲೇ, ರಾಜ್‌ಕುಮಾರ್ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ 'ಇಫ್ ಯು ಕಮ್ ಟುಡೆ' ಹಾಡಿ ಆಗಿತ್ತು. ಅದನ್ನು ಈಗಿನವರು ಮೀಮ್ ಮಾಡಿ ನಗುತ್ತಾರೆ. ಕನ್ನಡದ ಅತಿ ದೊಡ್ಡ ಗಂಟಲು ಪಾರ್ಕಿನ ಆಚೆ ದಡಕ್ಕೆ ಒಂದು ಕೈ ಚಾಚಿ ನೋಡಿದ ಹಾಗೆ ನನಗೆ ಅದು ಕೇಳುತ್ತದೆ.

ಎಂಜಿನಿಯರಿಂಗ್ ಓದಲು ಬೆಂಗಳೂರಿಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿ ರಾಕ್ ಅನ್ನುವುದು ಹಾಡಿಗಿಂತ ಹೆಚ್ಚಾಗಿ ಒಂದು ವಿದ್ಯೆ ಅಂತ. ಹಾಸ್ಟೆಲಿನಲ್ಲಿ ಸೀನಿಯರುಗಳು ಪಾಠ ಮಾಡುತ್ತಿದ್ದರು. ಡೀಪ್ ಪರ್ಪಲ್‌ನ ಯಾವ ಲೈನಪ್ಪಿನಲ್ಲಿ ಯಾರಿದ್ದರು, ಪಿಂಕ್ ಫ್ಲಾಯ್ಡ್‌ನಿಂದ ವಾಟರ್ಸ್ ಹೊರಬಿದ್ದದ್ದು ಯಾಕೆ, ಮೆಟಾಲಿಕಾ ಬಸ್ಸು ಸ್ವೀಡನ್ನಿನಲ್ಲಿ ಮಗುಚಿದಾಗ ಸತ್ತ ಕ್ಲಿಫ್ ಬರ್ಟನ್ ಎಂಥ ಬೇಸಿಸ್ಟ್. ಗೊತ್ತಿಲ್ಲದವನು ಸುಮ್ಮನೆ ಕೂರಬೇಕು. ಅದರಲ್ಲಿ ಜಾತಿ ಪದ್ಧತಿಯ ವಾಸನೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಬಾನ್ ಜೋವಿ ಇಷ್ಟ ಅಂದವನಿಗೆ ಪಂಕ್ತಿಯಲ್ಲಿ ಜಾಗ ಇರಲಿಲ್ಲ.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಇಳಿಯುತ್ತಿತ್ತು. 90 ನಿಮಿಷದ ಖಾಲಿ ಟೇಪು ತಂದು, ಎರಡು ಬಾಯಿಯ ಡೆಕ್ಕಿಗೆ ಹಾಕಿ, ಒಂದು ಬದಿಗೆ ಒಂದು ಆಲ್ಬಮ್. ಆಲ್ಬಮ್ 45 ನಿಮಿಷ ದಾಟಿದ್ದರೆ ಕೊನೆಯ ಹಾಡು ಅರ್ಧಕ್ಕೆ ಕತ್ತರಿಸಿ ಹೋಗುತ್ತಿತ್ತು. ಹಾಗೆ ತುಂಡಾದ ಒಂದು ಹಾಡನ್ನು ನಾನು ವರ್ಷಗಟ್ಟಲೆ ತುಂಡಾಗಿಯೇ ಕೇಳಿದೆ. ಈಗ ಫೋನಿನಲ್ಲಿ ಪೂರ್ತಿ ಹಾಡು ಬಂದಾಗಲೂ, ಗಿಟಾರಿನ ಸೋಲೋ ಏರುವ ಆ ಜಾಗದಲ್ಲಿ ಕಿವಿ 'ಟಕ್' ಅನ್ನುವ ಸದ್ದಿಗೆ ಕಾಯುತ್ತದೆ. ನಕಲಿನ ನಕಲಿನ ನಕಲಾಗುವ ಹೊತ್ತಿಗೆ ಸಾಹಿತ್ಯವೆಲ್ಲ ಹಿಸ್ಸ್ ಸದ್ದಿನಲ್ಲಿ ಮುಳುಗಿರುತ್ತಿತ್ತು. ಪದ ಕೇಳಿಸದ ಕಡೆ ಏನೋ ಒಂದು ಹಾಡಿಕೊಳ್ಳುತ್ತಿದ್ದೆವು. ಗಿಟಾರಿನ ಸಾಲು ಮಾತ್ರ ಸ್ವರ ತಪ್ಪದೆ ಬಾಯಿಪಾಠ.

ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಪಬ್ 1989ರಿಂದ ಇದೆ. ಕಿರಿದಾದ ಮೆಟ್ಟಿಲು, ಮಬ್ಬು ಬೆಳಕು, ಗೋಡೆ ತುಂಬ ಹೆಂಡ್ರಿಕ್ಸ್, ಮಾರ್ಲಿ, ಝಾಪಾ. ಕೌಂಟರಿನ ಹಿಂದೆ ನೆಲದಿಂದ ಮೇಲಕ್ಕೆ ಜೋಡಿಸಿಟ್ಟ ಕ್ಯಾಸೆಟ್ಟುಗಳು. ಅಲ್ಲಿ ಬ್ಯಾಂಡು ನುಡಿಸುತ್ತಿರಲಿಲ್ಲ, ಟೇಪು ನುಡಿಸುತ್ತಿತ್ತು. ಜನ ಒಂದು ಮಗ್ ಬಿಯರ್ ಇಟ್ಟುಕೊಂಡು ತೆಪ್ಪಗೆ ಕೂತು ಕೇಳುತ್ತಿದ್ದರು. ರೆಸಿಡೆನ್ಸಿ ರಸ್ತೆಯ ಪರ್ಪಲ್ ಹೇಝ್‌ನಲ್ಲಿ ಪರದೆಯ ಮೇಲೆ ಕಛೇರಿಯ ವಿಡಿಯೊ. ಚರ್ಚ್ ಸ್ಟ್ರೀಟಿನ ಹ್ಯಾಬಿಟ್ಯಾಟ್ ಅಂಗಡಿಯಲ್ಲಿ ಕೊಳ್ಳಲಾರದ ಸಿ.ಡಿ.ಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಆಮೇಲೆ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿಗೆ ಹೋಗಿ ಕಳ್ಳಪ್ರತಿ ತರುತ್ತಿದ್ದೆವು. ವರ್ಲ್ಡ್‌ಸ್ಪೇಸ್ ಅನ್ನುವ ಉಪಗ್ರಹ ರೇಡಿಯೊ ಬಂದ ಮೇಲೆ ಅನುಕೂಲಸ್ಥರ ಮನೆಯ ಕಿಟಕಿಯಲ್ಲಿ ಪುಟ್ಟ ಆಂಟೆನಾ ಕಾಣಿಸಿಕೊಂಡಿತು. 2009ರ ಕೊನೆಗೆ ಅದೂ ಮುಚ್ಚಿತು. ಇವೆಲ್ಲ ಕೇಳುವ ಜಾಗಗಳೇ. ನುಡಿಸುವ ಜಾಗಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕಾಗುತ್ತಿತ್ತು.

ನುಡಿಸಲು ಹೊರಟವರ ಪಾಡು ಬೇರೆ. ಕೋಲ್ಕತ್ತದಲ್ಲಿ ತಯಾರಾಗುತ್ತಿದ್ದ ಗಿವ್ಸನ್ ಗಿಟಾರು ಮಧ್ಯಮ ವರ್ಗದ ಕೈಗೆ ಎಟುಕುತ್ತಿದ್ದದ್ದು. ನನ್ನ ರೂಮ್‌ಮೇಟ್‌ನ ಹತ್ತಿರ ಒಂದಿತ್ತು. ತಂತಿಗೂ ಫ್ರೆಟ್‌ಬೋರ್ಡಿಗೂ ನಡುವೆ ಪೆನ್ಸಿಲ್ ತೂರುವಷ್ಟು ಜಾಗ. ಎಫ್ ಕಾರ್ಡ್ ಹಿಡಿಯಬೇಕಾದರೆ ತೋರುಬೆರಳು ಬಿಳಿಚಿಕೊಂಡು ಹೋಗುತ್ತಿತ್ತು. ಬೆರಳ ತುದಿ ಸಿಪ್ಪೆ ಸುಲಿದು, ಆಮೇಲೆ ಗಟ್ಟಿಯಾಗಿ, ಪರೀಕ್ಷೆಯಲ್ಲಿ ಪೆನ್ನು ಹಿಡಿದರೆ ಗೊತ್ತೇ ಆಗುತ್ತಿಲ್ಲ ಅನ್ನುತ್ತಿದ್ದ. ಅವನು ಮೂರು ಹಾಡು ಪೂರ್ತಿ ಕಲಿತ. ಮೂರೂ ಬೇರೆಯವರವು.

ಅದೇ ಆ ಕಾಲದ ರೋಗ. ಕಾಲೇಜು ಫೆಸ್ಟುಗಳ ರಾಕ್ ಸ್ಪರ್ಧೆಯಲ್ಲಿ ವೇದಿಕೆ ಹತ್ತಿದವರೆಲ್ಲ ಕವರ್, ಅಂದರೆ ಬೇರೆಯವರ ಹಾಡು, ನುಡಿಸುತ್ತಿದ್ದರು. ಕೆಳಗೆ ನಿಂತವರು ಪರೀಕ್ಷಕರು. ಮೂಲದಲ್ಲಿ ಇದ್ದ ಹಾಗೆ ಸೋಲೋ ಬಂತೋ ಇಲ್ಲವೋ, ಡಬಲ್ ಬೇಸ್ ಡ್ರಮ್ಮು ಅಷ್ಟೇ ವೇಗವಾಗಿ ಬಂತೋ ಇಲ್ಲವೋ. ಬಂದರೆ ತಲೆ ಕುಣಿಸುತ್ತಿದ್ದರು, ತಪ್ಪಿದರೆ ಅಮ್ಮ ಅಕ್ಕನ ಮೇಲೆ ಬೈಗುಳ. ಯಾರಾದರೂ ಧೈರ್ಯ ಮಾಡಿ 'ಇದು ನಮ್ಮ ಸ್ವಂತದ್ದು' ಅಂದರೆ ಹಿಂದಿನ ಸಾಲಿನವರು ಚಹಾ ಕುಡಿಯಲು ಹೊರಡುತ್ತಿದ್ದರು. ನಾನೂ ಆ ಚಹಾದ ಗುಂಪಿನಲ್ಲೇ ಇದ್ದವನು. ಇಷ್ಟು ಚೆನ್ನಾಗಿ ಕೇಳಲು ಕಲಿತ ಜನರ ಎದುರು ಸ್ವಂತ ಹಾಡು ಹಾಡುವುದು ಕಷ್ಟ. ಕೇಳುಗರ ಕಿವಿ ಮೇಲಕ್ಕೆ ಏರಿದಷ್ಟೂ ಹಾಡುವವರ ಗಂಟಲು ಕಟ್ಟುತ್ತದೆ.

ಅಂಥದ್ದರಲ್ಲೂ ಗಂಟಲು ಬಿಟ್ಟವರಿದ್ದರು, ಮನೆಯವರು ಅಂದೆನಲ್ಲ, ಅವರು. ಲಾ ಸ್ಕೂಲಿನವರ ಸ್ಟ್ರಾಬೆರಿ ಫೀಲ್ಡ್ಸ್ ಸ್ಪರ್ಧೆ ದೇಶದಲ್ಲೇ ಹೆಸರು ಮಾಡಿತು. 1996ರಲ್ಲಿ ಶುರುವಾದ ಫ್ರೀಡಂ ಜಾಮ್ ಸ್ವಾತಂತ್ರ್ಯ ದಿನದ ಹಬ್ಬ. ಟಿಕೆಟ್ಟಿಲ್ಲ, ಬಹುಮಾನವಿಲ್ಲ, ಯಾರು ಬೇಕಾದರೂ ಬರಬಹುದು. ಸ್ವಂತ ಹಾಡಿಗೆ ಈ ಊರಿನಲ್ಲಿ ಸಿಕ್ಕ ಮೊದಲ ಸಾರ್ವಜನಿಕ ಜಗಲಿ ಅದು ಅಂದರೆ ಹೆಚ್ಚೇನೂ ಹೇಳಿದ ಹಾಗಾಗುವುದಿಲ್ಲ. ಅದೇ 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡಿನ ಬ್ರೂಸ್ ಲೀ ಮಣಿ ಗಿಟಾರು ಹಿಡಿದರೆ ಫೆಸ್ಟಿನ ಪರೀಕ್ಷಕರೂ ಬಾಯಿ ಮುಚ್ಚುತ್ತಿದ್ದರು. ಆದರೆ ಅವರು ಕವರ್ ಬಿಟ್ಟು, ಈ ಊರಿನ ಟ್ರಾಫಿಕ್ಕು, ಇಲ್ಲಿನ ಬದುಕಿನ ಕಿರಿಕಿರಿಗಳ ಮೇಲೆ ಹಾಡು ಕಟ್ಟಿದರು. 2012ರಲ್ಲಿ ತಂದ ಮೂರು ಡಿಸ್ಕಿನ ಆಲ್ಬಮ್ಮಿಗೆ ಆಟೋರಿಕ್ಷಾನೇ ವಸ್ತು. ಇಂಗ್ಲಿಷಿನಲ್ಲಿ ಹಾಡಿದರೂ ಅಷ್ಟು ಅಪ್ಪಟ ಬೆಂಗಳೂರಿನ ಹಾಡುಗಳು ಆಗ ಇನ್ನೊಂದು ಕಡೆ ಇರಲಿಲ್ಲ.

ಮೆಟಲ್‌ನವರದ್ದು ಇನ್ನೂ ಒಳಗಿನ ಲೋಕ; ಮೆಟಲ್ ಅಂದರೆ ರಾಕಿನ ಅತಿ ಬಿರುಸಿನ ಕವಲು. ಮಿಲೇನಿಯಂ ಬ್ಯಾಂಡಿನವರು ಮೊದಲ ತಲೆಮಾರು. ಆಮೇಲೆ ಥ್ರೆನೊಡಿ, ಮೈಂಡ್‌ಸ್ನೇರ್, 1998ರಲ್ಲಿ ಶುರುವಾಗಿ ಇವತ್ತಿಗೂ ಹಳೆಯ ಕಾಲದ ಹೆವಿ ಮೆಟಲ್ಲನ್ನೇ ಹಟ ಹಿಡಿದು ನುಡಿಸುವ ಕ್ರಿಪ್ಟೋಸ್. ಆಫೀಸಿಗೆ ರಜೆ ಹಾಕಿ ಯುರೋಪಿನ ಪ್ರವಾಸ ಮಾಡಿ, ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ, ಮತ್ತೆ ಬಂದು ಆಫೀಸಿಗೆ ಹೋಗುವುದು ನಮ್ಮ ಮೆಟಲ್‌ನವರ ಜೀವನಕ್ರಮ. ಬೇವರ್ ಸೀ ಅನ್ನುವ ಡೂಮ್ ಮೆಟಲ್ ಬ್ಯಾಂಡಿನ ಹೆಸರನ್ನು ಒಮ್ಮೆ ಜೋರಾಗಿ ಹೇಳಿ ನೋಡಿ, ನಗು ಬಾರದಿದ್ದರೆ ನೀವು ಕನ್ನಡದವರಲ್ಲ.

ಈಗ ನೆಂಟರ ವಿಷಯಕ್ಕೆ ಬರುತ್ತೇನೆ. ಬಿಟ್ಟು ಹೋಗಲು ಮನಸ್ಸಾಗುತ್ತಿಲ್ಲ.

2007ರ ಮಾರ್ಚ್ 17. ಐರನ್ ಮೇಡನ್ ಭಾರತದಲ್ಲಿ ಮೊದಲ ಸಲ. ಗುವಾಹಟಿ, ಕೋಲ್ಕತ್ತ, ದಿಲ್ಲಿಗಳಿಂದ ಹುಡುಗರು ರೈಲಿನಲ್ಲಿ ದಿನಗಟ್ಟಲೆ ಕೂತು ಬಂದಿದ್ದರು. ಪ್ಯಾಲೆಸ್ ಗ್ರೌಂಡ್ಸ್ ಅಂದರೆ ಒಂದು ಮೈದಾನವಲ್ಲ, ಹತ್ತಾರು ಅಂಗಳಗಳ ಸಂತೆ. ತ್ರಿಪುರವಾಸಿನಿ, ಗಾಯತ್ರಿ ವಿಹಾರ ಅಂತೆಲ್ಲ ಹೆಸರು. ಒಂದರಲ್ಲಿ ಆರತಕ್ಷತೆ, ಪಕ್ಕದ್ದರಲ್ಲಿ ವಸ್ತುಪ್ರದರ್ಶನ. ಬಳ್ಳಾರಿ ರಸ್ತೆಯ ಉದ್ದಕ್ಕೂ ಕಪ್ಪು ಟೀ ಶರ್ಟುಗಳ ನಡುವೆ ರೇಷ್ಮೆ ಸೀರೆಯವರು ಸಿಕ್ಕಿಕೊಂಡು ಆಟೋದಿಂದ ಇಣುಕಿ ನೋಡುತ್ತಿದ್ದರು. ಮೊದಲು ದಿಲ್ಲಿಯ ಪರಿಕ್ರಮ ಬ್ಯಾಂಡಿನವರು ನುಡಿಸಿ ಹೋದರು. ಆಮೇಲೆ ಮೇಡನ್ ಗಾಯಕ ಬ್ರೂಸ್ ಡಿಕಿನ್ಸನ್ ಬಂದು ಊರಿನ ಹೆಸರು ಹಿಡಿದು ಕಿರುಚಿದಾಗ ಪಕ್ಕದಲ್ಲಿ ನಿಂತಿದ್ದ ಅಜಾನುಬಾಹು ಮನುಷ್ಯನೊಬ್ಬ ಗಳಗಳನೆ ಅತ್ತುಬಿಟ್ಟ.

ನನ್ನ ನೆನಪಿನಲ್ಲಿ ಗಟ್ಟಿಯಾಗಿ ನಿಂತದ್ದು 'ಫಿಯರ್ ಆಫ್ ದ ಡಾರ್ಕ್' ಹಾಡಿನ ಶುರು. ಮಾತಿಗೂ ಮೊದಲು ಗಿಟಾರಿನ ಒಂದು ಸಾಲು ಬರುತ್ತದಲ್ಲ, ಅದನ್ನು ಮೈದಾನಕ್ಕೆ ಮೈದಾನವೇ 'ಓ ಓ' ಅಂತ ಹಾಡಿತು. ಪ್ರಪಂಚದ ಎಲ್ಲ ಕಡೆ ಮೇಡನ್ ಅಭಿಮಾನಿಗಳು ಹಾಗೆ ಹಾಡುತ್ತಾರೆ, ಹೊಸದೇನಲ್ಲ. ಆದರೆ ಇಲ್ಲಿನ ಜನ ಇಪ್ಪತ್ತು ವರ್ಷ ಹಿಸ್ಸ್ ಸದ್ದಿನ ಟೇಪಿನಲ್ಲಿ ಪದ ಬಿಟ್ಟು ಸ್ವರ ಹಿಡಿದವರು. ಅಷ್ಟು ದಿನ ಹೆಡ್‌ಫೋನಿನ ಒಳಗೆ, ಹಾಸ್ಟೆಲ್ ಕೋಣೆಯ ಕದ ಹಾಕಿಕೊಂಡು ಒಬ್ಬೊಬ್ಬರೇ ಗುನುಗಿದ್ದು ಅವತ್ತು ಒಟ್ಟಿಗೆ ಹೊರಬಂತು. ಅಲ್ಲಿಯವರೆಗೆ ನಾವು ಇಷ್ಟು ಜನ ಇದ್ದೇವೆ ಅಂತ ನಮಗೇ ಗೊತ್ತಿರಲಿಲ್ಲ.

2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬಂದಾಗ ಮೊದಲು ಗುರುಗ್ರಾಮದ ಕಛೇರಿ ಇತ್ತು. ಅಲ್ಲಿ ತಡೆಗೋಡೆ ಮುರಿದು, ಕಾರ್ಯಕ್ರಮ ರದ್ದಾಗಿ, ಸಿಟ್ಟಿಗೆದ್ದವರು ವೇದಿಕೆ ಧ್ವಂಸ ಮಾಡಿದರು. ಎರಡು ದಿನ ಬಿಟ್ಟು, 30ನೇ ತಾರೀಕು, ಅದೇ ಬ್ಯಾಂಡು ಬೆಂಗಳೂರಿನಲ್ಲಿ ಪೂರ್ತಿ ಕಛೇರಿ ಕೊಟ್ಟಿತು. ಇದನ್ನು ನಮ್ಮವರು ಈಗಲೂ ಮೀಸೆ ತಿರುವಿ ಹೇಳುತ್ತಾರೆ. ವ್ಯವಸ್ಥೆ ಮಾಡಿದವರ ಪಾಲೂ ಅದರಲ್ಲಿದೆ, ಬರಿಯ ಜನರ ಸಭ್ಯತೆ ಅನ್ನಲಾರೆ. ಆದರೂ ದೂರದ ಊರಿನಿಂದ ಬಂದವರು ಇಲ್ಲಿನ ಗುಂಪನ್ನು ಹೊಗಳಿದರೆ ಒಳಗೊಳಗೇ ಖುಷಿಯಾಗುತ್ತದೆ, ಏನು ಮಾಡಲಿ.

ಇದೇ ಪ್ಯಾಲೆಸ್ ಗ್ರೌಂಡ್ಸಿನ ಇನ್ನೊಂದು ಕಛೇರಿಯನ್ನು ಬಂದುಹೋದವರ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. 2005ರ ಏಪ್ರಿಲ್‌ನಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ'. ಕುವೆಂಪು, ಬೇಂದ್ರೆ, ಷರೀಫರನ್ನು ಕೇಳಲು ನೆರೆದ ಆ ಜನಸಾಗರದ ಮುಂದೆ ಎಷ್ಟೋ ರಾಕ್ ಕಛೇರಿಗಳು ಸಣ್ಣವು. ಅಶ್ವತ್ಥರ ಗಂಟಲನ್ನೇ ನೋಡಿ. ಸುಗಮ ಸಂಗೀತ ಅಂತ ಅದಕ್ಕೆ ಹೆಸರು, ಆದರೆ ಅದರಲ್ಲಿ ಸುಗಮ ಎಲ್ಲಿತ್ತು? ತಾರಕದಲ್ಲಿ ನಿಂತು, ನರ ಉಬ್ಬಿಸಿ, ಸ್ವರ ಹರಿದರೆ ಹರಿಯಲಿ ಅಂತ ಎಸೆಯುವ ಆ ಪರಿ ಯಾವ ರಾಕ್ ಗಾಯಕನಿಗೆ ಕಡಿಮೆ?

ಅಂದಮೇಲೆ ಕನ್ನಡಕ್ಕೆ ರಾಕ್ ಬರಲು ಇಷ್ಟು ತಡ ಯಾಕಾಯಿತು ಅನ್ನುವುದು ನನ್ನನ್ನು ಕಾಡುವ ಪ್ರಶ್ನೆ. ಬಾಂಗ್ಲಾದಲ್ಲಿ, ಪಶ್ಚಿಮ ಬಂಗಾಳದಲ್ಲಿ ಬಂಗಾಳಿ ರಾಕ್ ಎಪ್ಪತ್ತರ ದಶಕದಲ್ಲೇ ಬೇರು ಬಿಟ್ಟಿತ್ತು. ನಮ್ಮಲ್ಲಿ ಗಿಟಾರು ಹಿಡಿದವರು ಪಾರ್ಕಿನ ಆಚೆ, ಷರೀಫರ ಪದ ಗೊತ್ತಿದ್ದವರು ಈಚೆ. ಸೇರಿಸಲು ಮೈಸೂರಿನವರೇ ಬರಬೇಕಾಯಿತು. ಭರತನಾಟ್ಯ ಕಲಿತಿದ್ದ, ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ಪಡೆದಿದ್ದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ 'ಗುಡುಗುಡಿಯ ಸೇದಿ ನೋಡೋ' ಹಾಡಿದರು. ಲುಂಗಿ, ಕಾಲಿಗೆ ಗೆಜ್ಜೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ. ಶಿಶುನಾಳದ ತತ್ವಪದ ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ ಕೇಳಿಸಿತು. ಅವರದ್ದು ರಾಕ್ ಹೌದೋ, ಜನಪದ ಹೌದೋ ಅಂತ ಮೆಟಲ್ ಗೆಳೆಯರು ಮೂಗು ಮುರಿಯುತ್ತಾರೆ. ಮುರಿಯಲಿ. ವಾಸು ದೀಕ್ಷಿತ್ ಅವರ ಸ್ವರಾತ್ಮ ತಂಡ ವೇದಿಕೆಗೆ ಕೀಲುಕುದುರೆಯನ್ನೇ ತಂದಿತು, ಹಿಂದಿಯ ಜೊತೆಗೆ ಕನ್ನಡದಲ್ಲೂ ಹಾಡಿತು. 2009ರ ಆಲ್ಬಮ್ಮಿನಲ್ಲಿ 'ಈ ಭೂಮಿ' ಇದೆ. ಲಗೋರಿ ಬ್ಯಾಂಡಿನವರೂ ಅದೇ ದಾರಿಯಲ್ಲಿ ನಡೆದವರು.

ಆದರೂ ಅಚ್ಚ ಬೀದಿಗನ್ನಡದಲ್ಲಿ, ಸಿಟ್ಟಿನಲ್ಲಿ, ಗಿಟಾರು ಹರಿಯುವ ಹಾಗೆ ನುಡಿಸುವ ಬ್ಯಾಂಡು ನಮಗೆ ದಕ್ಕಲೇ ಇಲ್ಲ ಅಂತ ನನ್ನ ಕೊರಗು. ಆ ಜಾಗವನ್ನು ರ‍್ಯಾಪ್ ತೆಗೆದುಕೊಂಡಿತು. ಆಲ್ ಓಕೆಯಿಂದ ಹಿಡಿದು ಈಗಿನ ಹುಡುಗರವರೆಗೆ ಯಾರೂ 'ಕನ್ನಡದಲ್ಲಿ ಆಗುತ್ತಾ' ಅಂತ ಕೇಳಿಕೊಳ್ಳುತ್ತಾ ಕೂರಲಿಲ್ಲ. ಅವರಿಗೆ ಗಿಟಾರಿನ ಖರ್ಚಿಲ್ಲ, ಡ್ರಮ್ಸ್ ಇಡಲು ಮನೆ ಬೇಡ, ಕಾನ್ವೆಂಟಿನ ಸಂಗೀತದ ಟೀಚರೂ ಬೇಡ. ಪಾರ್ಕು ದಾಟುವ ಪ್ರಮೇಯವೇ ಬರಲಿಲ್ಲ.

ರಾಕ್ ಸೊರಗಿದ್ದಕ್ಕೆ ಇಡಿಎಂ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಬಂತು, ಜನರ ರುಚಿ ಬದಲಾಯಿತು ಅನ್ನುವವರಿದ್ದಾರೆ. ನಾನು ಬೊಟ್ಟು ಮಾಡುವುದು ಪರವಾನಗಿಯ ಕಡೆಗೆ. 2005ರಲ್ಲಿ ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪೊಲೀಸ್ ಲೈಸೆನ್ಸ್ ಕಡ್ಡಾಯ ಮಾಡುವ ಆದೇಶ ಬಂತು. ಅದರ ಗುರಿ ಹೆಣ್ಣುಮಕ್ಕಳನ್ನು ಕುಣಿಸುತ್ತಿದ್ದ ಬಾರುಗಳು. ಈ ಊರಿನ ಪತ್ರಿಕೆಗಳಲ್ಲಿ 'ಲೈವ್ ಬ್ಯಾಂಡ್ ಮೇಲೆ ದಾಳಿ' ಅಂದರೆ ಅವೇ. ಆದರೆ ಆದೇಶದ ಬಲೆಗೆ ಗಿಟಾರು ಹಿಡಿದವರೂ ಬಿದ್ದರು. 2008ರಲ್ಲಿ ಪಬ್ಬುಗಳಲ್ಲಿ ಕುಣಿತ, ಲೈವ್ ಸಂಗೀತ ಎರಡೂ ನಿಂತು, ಸಂಗೀತಗಾರರು ಬೀದಿಗಿಳಿದರು. ಆಗ ರಾತ್ರಿ ಹನ್ನೊಂದೂವರೆಗೆ ಬಾಗಿಲು ಹಾಕಬೇಕಿತ್ತು, ಅದಕ್ಕೂ ಮೊದಲು ಆಂಪ್ಲಿಫೈಯರಿನ ಪ್ಲಗ್ ಕೀಳಬೇಕಿತ್ತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು, ಅದೇ ವರ್ಷ ಲೈಸೆನ್ಸಿಲ್ಲದ ಪಬ್ಬುಗಳಲ್ಲಿ ಮತ್ತೆ ಮೌನ. ಇಂದಿರಾನಗರದಲ್ಲಿ ಹೊಸ ಬ್ಯಾಂಡುಗಳಿಗೆ ಮನೆಯಾಗಿದ್ದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ವೈಟ್‌ಫೀಲ್ಡಿನ ಕೌಂಟರ್‌ಕಲ್ಚರ್, ಇಂದಿರಾನಗರದ ಕೈರಾ ಅದಕ್ಕೂ ಮೊದಲೇ ಹೋಗಿದ್ದವು. ಬಾಡಿಗೆ, ಪಕ್ಕದ ಮನೆಯವರ ದೂರು, ಲೈಸೆನ್ಸು ಮೂರನ್ನೂ ನಿಭಾಯಿಸಿ ಮಂಗಳವಾರ ರಾತ್ರಿ ಮೂವತ್ತು ಜನರ ಎದುರು ಹೊಸ ಬ್ಯಾಂಡಿಗೆ ಅವಕಾಶ ಕೊಡುವ ಜಾಗ ಉಳಿಯದಿದ್ದರೆ ಮುಂದಿನ ಬ್ಯಾಂಡು ಹುಟ್ಟುವುದೆಲ್ಲಿ? ವಿದೇಶದವರು ಬಂದರೆ ಮೈದಾನ ಸಿಗುತ್ತದೆ ಅಂದುಕೊಂಡಿದ್ದೆ. 2025ರ ಫೆಬ್ರುವರಿಯಲ್ಲಿ ಚರ್ಚ್ ಸ್ಟ್ರೀಟಿನ ಫುಟ್‌ಪಾತಿನ ಮೇಲೆ ಗಿಟಾರು ಹಿಡಿದು ನಿಂತ ಇಂಗ್ಲೆಂಡಿನ ಗಾಯಕ ಎಡ್ ಶೀರನ್‌ನ ಮೈಕಿನ ವೈರನ್ನೂ ನಮ್ಮ ಪೊಲೀಸರು ಕಿತ್ತರು. ಸಮಾನತೆ ಅಂದರೆ ಇದು.

ಉಳಿದದ್ದೇನು ಅಂತ ಹುಡುಕಿದರೆ ಅದು ಅಲ್ಲಲ್ಲಿ ಚದುರಿ ಕೂತಿದೆ. ಥರ್ಮಲ್‌ನವರು ಟಾಕಾಡೆಮಿ ಅಂತ ಸಂಗೀತ ಶಾಲೆ ಕಟ್ಟಿದ್ದಾರೆ. ಜಯನಗರ, ಮಲ್ಲೇಶ್ವರದ ಮಕ್ಕಳು ಸಂಗೀತದ ಕ್ಲಾಸು ಅಂದರೆ ಈಗ ವೀಣೆಯಷ್ಟೇ ಸಹಜವಾಗಿ ಡ್ರಮ್ಸಿಗೂ ಹೋಗುತ್ತಾರೆ. ಅಗಂ ತಂಡ ತ್ಯಾಗರಾಜರ ಕೃತಿಗಳನ್ನು ಡಿಸ್ಟಾರ್ಷನ್ನಿನೊಂದಿಗೆ ನುಡಿಸಿದರೆ ಕರ್ನಾಟಕ ಸಂಗೀತದ ಸಭೆಗಳಿಗೆ ಹೋಗುವವರೂ ಬಂದು ಕೂರುತ್ತಾರೆ. ಕಾಶ್ಮೀರದ ಹುಡುಗರು ಇಲ್ಲಿಗೆ ಬಂದು ಪರ್ವಾಝ್ ಕಟ್ಟಿ ಉರ್ದುವಿನಲ್ಲೂ ಕಾಶ್ಮೀರಿಯಲ್ಲೂ ಹಾಡಿದರು, ಊರು ಕೇಳಿತು. ಕೇಳುವುದಂತೂ ನಮಗೆ ಗೊತ್ತು.

ಗೊತ್ತಿಲ್ಲದ್ದು ಎತ್ತಿಡುವುದು. ಲೆಡ್ ಝೆಪಲಿನ್ ಯಾವ ಊರಿನಲ್ಲಿ ಯಾವ ರಾತ್ರಿ ನುಡಿಸಿದ್ದರ ಕಳ್ಳ ರೆಕಾರ್ಡಿಂಗ್ ಬೇಕು ಅಂದರೆ ಬೆಂಗಳೂರಿನಲ್ಲಿ ಒಬ್ಬರ ಬಳಿ ಇದ್ದೇ ಇರುತ್ತದೆ. ನಮ್ಮದೇ ಊರಿನ ಎಪ್ಪತ್ತು ಎಂಬತ್ತರ ದಶಕದ ಬ್ಯಾಂಡುಗಳದ್ದು ಕೇಳಬೇಕು ಅಂದರೆ ಕೈಗೆ ಸಿಗುವುದು ಒಂದೆರಡು ಫೋಟೊ, ಹಿರಿಯರ ನೆನಪು. ಗೇಟಿನ ಟಿಕೆಟ್ಟಿನ ಚೂರನ್ನು ಪರ್ಸಿನಲ್ಲಿ ಇಟ್ಟುಕೊಂಡ ನಾವು ಕಾಲೇಜಿನ ಮೈದಾನದಲ್ಲಿ ಸ್ವಂತ ಹಾಡು ಹಾಡಿದ ಸಹಪಾಠಿಯ ಡೆಮೊ ಟೇಪಿನ ಮೇಲೆ ಇನ್ಯಾರದೋ ಆಲ್ಬಮ್ಮನ್ನು ನಕಲು ಇಳಿಸಿದೆವು.

ಹಾಗಾಗಿ ಇದನ್ನು ಓದುತ್ತಿರುವ ನಲವತ್ತು ದಾಟಿದವರಲ್ಲಿ ಒಂದು ಕೇಳಿಕೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ, ಕೈಬರಹದ ಚೀಟಿ ಅಂಟಿಸಿದ ಕ್ಯಾಸೆಟ್ಟು ಸಿಕ್ಕಿದರೆ ಕೂಡಲೇ ಪ್ಲೇಯರಿಗೆ ತುರುಕಬೇಡಿ. ಕಿಟಕಿಯಲ್ಲಿ ಬೆಳಕಿಗೆ ಹಿಡಿದು ಟೇಪಿನ ಅಂಚು ನೋಡಿ. ಬಿಳಿಯ ಪುಡಿಯಂತೆ ಕಂಡರೆ ಬೂಷ್ಟು ಹಿಡಿದಿದೆ, ಹಾಕಿದರೆ ಟೇಪೂ ಹೋಗುತ್ತದೆ, ಪ್ಲೇಯರಿನ ಹೆಡ್ಡೂ ಕೆಡುತ್ತದೆ. ಒಳಗಿನ ಪುಟ್ಟ ಸ್ಪಂಜಿನ ಪ್ಯಾಡು ಬಿದ್ದುಹೋಗಿದ್ದರೆ ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಸುರುಳಿ ಬದಲಾಯಿಸಬಹುದು, ಐದು ಸ್ಕ್ರೂ ಇರುವ ಕವಚವಾದರೆ ಸುಲಭ. ಟೇಪು ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಡೆಕ್ಕಿನ ಲೈನ್ ಔಟಿನಿಂದ ಕಂಪ್ಯೂಟರಿಗೆ ವೈರು ಕೊಟ್ಟು, ಎಂಪಿ3 ಬೇಡ, ವೇವ್ ಫೈಲಿಗೇ ಇಳಿಸಿ. ಹಿಸ್ಸ್ ತೆಗೆಯಲು ಹೋಗಬೇಡಿ. ಚೀಟಿಯ ಫೋಟೊ ತೆಗೆದು, ಯಾರು ನುಡಿಸಿದ್ದು, ಯಾವ ಕಾಲೇಜು, ಯಾವ ವರ್ಷ ಅಂತ ನೆನಪಿದ್ದಷ್ಟನ್ನು ಅದೇ ಫೋಲ್ಡರಿನಲ್ಲಿ ಬರೆದಿಡಿ. ಹಾಡು ಸುಮಾರಾಗಿದ್ದರೂ ಪರವಾಗಿಲ್ಲ.